ಎರಚಲಿಗೆ ಯಾವ ಶೀಟು? ಪಡುವಣ ಜಗಲಿಗೆ ಇಳಿಮಾಡು ಕಟ್ಟಿದ ಲೆಕ್ಕ

ಏಪ್ರಿಲ್ ಮೂರನೆಯ ವಾರದ ಒಂದು ಸಂಜೆ. ಗುಡುಗು ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ. ಹಿಂಜಗಲಿಯ ಫೈಬರ್ ಶೀಟು ಒಮ್ಮೆ ಉಬ್ಬಿತು, ಮತ್ತೊಮ್ಮೆ ಉಬ್ಬಿತು, ಮೂರನೆಯ ಸಲ ಸ್ಕ್ರೂಗಳನ್ನೂ ಕಿತ್ತುಕೊಂಡು ತೊಂಡೆ ಚಪ್ಪರದ ಮೇಲಿಂದ ಹಾರಿ ಬಾಳೆಯ ಬುಡಕ್ಕೆ ಬಿತ್ತು. ಅಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. “ಹೋಯಿತಲ್ಲ, ಒಳ್ಳೆಯದೇ ಆಯಿತು” ಎಂದರು. ಅದನ್ನು ಬದಲಿಸು ಎಂದು ಎರಡು ವರ್ಷದಿಂದ ಹೇಳುತ್ತಿದ್ದವರು ಅವರೇ.

ಮರುದಿನ ಬೆಳಿಗ್ಗೆ ಶೀಟನ್ನು ಅಂಗಳಕ್ಕೆ ಎಳೆದು ತಂದು ನೋಡಿದೆ. ಹೊಸದಾಗಿದ್ದಾಗ ಹಸಿರು ಗಾಜಿನಂತಿದ್ದ ಮೈ ಈಗ ಹಳೆಯ ಕಂಬಳಿಯಂತೆ ಜುಂಗುಜುಂಗಾಗಿತ್ತು. ಫೈಬರ್ ಶೀಟು ಎಂದರೆ ಗಾಜಿನ ಎಳೆಗಳನ್ನು ರಾಳದಲ್ಲಿ ಅದ್ದಿ ಗಟ್ಟಿಮಾಡಿದ ಹಾಳೆ. ಬಿಸಿಲಿಗೆ ಮೇಲಿನ ರಾಳ ಸವೆದು ಹೋದರೆ ಎಳೆಗಳು ಹೊರಗೆ ಬರುತ್ತವೆ. ಆ ಎಳೆಗಳಲ್ಲಿ ಧೂಳು ನಿಲ್ಲುತ್ತದೆ, ಧೂಳಿನಲ್ಲಿ ಪಾಚಿ ನಿಲ್ಲುತ್ತದೆ. ಬರಿಗೈಯಲ್ಲಿ ಎತ್ತಿದ ತಪ್ಪಿಗೆ ಸಂಜೆಯ ತನಕ ಮುಂಗೈ ತುರಿಸಿತು.

ಆದರೆ ಶೀಟು ಹರಿದಿರಲಿಲ್ಲ. ಸ್ಕ್ರೂ ಹಾಕಿದ ತೂತುಗಳು ಮೊಟ್ಟೆಯಾಕಾರಕ್ಕೆ ಅಗಲವಾಗಿದ್ದವು, ಒಂದಕ್ಕೂ ರಬ್ಬರ್ ವಾಷರ್ ಇರಲಿಲ್ಲ. ಗೋಡೆಯ ಬದಿಯ ಪೈಪನ್ನು ಹಿಡಿದಿದ್ದ ನಾಲ್ಕು ಬೋಲ್ಟುಗಳಲ್ಲಿ ಎರಡು ಪ್ಲಾಸ್ಟಿಕ್ ಪ್ಲಗ್ ಸಮೇತ ಕೆಂಪು ಪುಡಿ ಉದುರಿಸಿಕೊಂಡು ಹೊರಗೆ ಬಂದಿದ್ದವು. ಸೋತದ್ದು ಶೀಟಲ್ಲ, ಅದನ್ನು ಹಿಡಿದಿದ್ದ ಸಾಮಾನು. ಇದನ್ನು ಆಗಲೇ ಬರೆದಿಟ್ಟುಕೊಂಡೆ. ಹಾಗಿದ್ದರೂ ಮುಂದಿನ ಹತ್ತು ದಿನ ನಾನು ಯೋಚಿಸಿದ್ದು ಶೀಟಿನ ಬಗ್ಗೆ ಮಾತ್ರ. ಅಂಗಡಿಗೆ ಹೋದರೆ ಕಣ್ಣಿಗೆ ಬೀಳುವುದು ಬಣ್ಣವೇ ಹೊರತು ಬೋಲ್ಟಲ್ಲ.

ಮನೆ ಪುತ್ತೂರಿನ ಹತ್ತಿರ. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ, ಮೇಲೆ ಆರ್‌ಸಿಸಿ. ಹಿಂಜಗಲಿ ಪಡುವಣಕ್ಕೆ ತೆರೆದಿದೆ: 10 ಅಡಿ ಉದ್ದ, 5 ಅಡಿ ಅಗಲ. ಅಡುಗೆಮನೆಯ ಬಾಗಿಲೂ ಕಿಟಕಿಯೂ ಅಲ್ಲಿಗೇ ತೆರೆಯುತ್ತವೆ. ಬಟ್ಟೆ ಒಗೆಯುವ ಕಲ್ಲು, ಪಂಪಿನ ಸ್ವಿಚ್ಚು, ಚೀಲದಲ್ಲಿ ಅಡಿಕೆ, ಮಧ್ಯಾಹ್ನದ ಮೇಲೆ ಅಮ್ಮನ ಕುರ್ಚಿ, ಎಲ್ಲವೂ ಅಲ್ಲೇ. ಕಿಟಕಿಯ ಮೇಲೆ ಒಂದೂವರೆ ಅಡಿಯ ಕಾಂಕ್ರೀಟ್ ಸಜ್ಜಾ ಇದೆ. ನಮ್ಮ ಕಡೆಯ ಮಳೆಗೆ ಆ ಸಜ್ಜಾ ಎಂದರೆ ಬೋಳುತಲೆಗೆ ಎಲೆ ಅಡಿಕೆಯ ತಟ್ಟೆ ಹಿಡಿದ ಹಾಗೆ.

ಅಳತೆ ಹಿಡಿದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಇಳಿಮಾಡಿನ, ಅಂದರೆ ಗೋಡೆಗೆ ಆನಿಸಿ ಇಳಿಜಾರಾಗಿ ಕಟ್ಟುವ ಮಾಡಿನ, ಹೊರ ಅಂಚು ನೆಲದಿಂದ 7 ಅಡಿ ಎತ್ತರ, ಗೋಡೆಯಿಂದ 5 ಅಡಿ ಮುಂದೆ. ಮಳೆ 45 ಡಿಗ್ರಿ ಓರೆಯಾಗಿ ಬಂದರೆ ಅದು ಗೋಡೆಯನ್ನು ಮುಟ್ಟುವುದು ನೆಲದಿಂದ 2 ಅಡಿಯಲ್ಲಿ. ಕಿಟಕಿ ಶುರುವಾಗುವುದು 3 ಅಡಿಗೆ; ಕಿಟಕಿ ಬಚಾವು, ಆದರೆ ಜಗಲಿಯ ನೆಲ ಪೂರ್ತಿ ಒದ್ದೆ. ಗಾಳಿ ಇನ್ನೂ ಜೋರಾಗಿ ಮಳೆ ಮತ್ತಷ್ಟು ಮಲಗಿದರೆ, ಅಂದರೆ ನೆಟ್ಟಗಿನ ಗೆರೆಯಿಂದ 60 ಡಿಗ್ರಿ ವಾಲಿದರೆ, ನೀರು ಗೋಡೆಗೆ ಹೊಡೆಯುವುದು 4 ಅಡಿಯ ಎತ್ತರಕ್ಕೆ. ಆಗ ಕಿಟಕಿಯೂ ಹೋಯಿತು. ಬಿಸಿಲಿನ ಲೆಕ್ಕವೂ ಹೀಗೇ. ಏಪ್ರಿಲ್ ನಡುವಿನಲ್ಲಿ ಸಂಜೆ 4 ಗಂಟೆಗೆ ನಮ್ಮಲ್ಲಿ ಸೂರ್ಯ ಸುಮಾರು 38 ಡಿಗ್ರಿ ಎತ್ತರದಲ್ಲಿರುತ್ತಾನೆ. 5 ಅಡಿಯ ಇಳಿಮಾಡಿನ ನೆರಳು ಕಿಟಕಿಯ ತಳದವರೆಗೆ ಸರಿಯಾಗಿ ಮುಟ್ಟುತ್ತದೆ. 5 ಗಂಟೆಗೆ ಅವನು 24 ಡಿಗ್ರಿಗೆ ಇಳಿದಾಗ ಕಿಟಕಿಯ ಅರ್ಧದ ಹತ್ತಿರ ಬಿಸಿಲಿಗೆ ಬೀಳುತ್ತದೆ. ಅದನ್ನೂ ತಡೆಯಬೇಕೆಂದರೆ 9 ಅಡಿ ಚಾಚಬೇಕು, ಅಷ್ಟರಲ್ಲಿ ಬಾಳೆಗಿಡಗಳೇ ಜಗಲಿಯೊಳಗೆ ಬಂದಿರುತ್ತವೆ.

ಹೀಗೆ ಸೀಮೆಸುಣ್ಣ ಹಿಡಿದ ಮೇಲೆ ಒಂದು ಮಾತು ತಿಳಿಯಿತು. ನೆತ್ತಿಯ ಮೇಲೆ ಬೀಳುವ ಮಳೆಯನ್ನು ಯಾವ ಶೀಟಾದರೂ ತಡೆಯುತ್ತದೆ. ಎರಚಲನ್ನು ಯಾವ ಶೀಟೂ ತಡೆಯುವುದಿಲ್ಲ. ಅದಕ್ಕೆ ಅಡ್ಡ ನಿಲ್ಲುವ ಏನಾದರೊಂದು ಬೇಕು. ಆ ಮಾತನ್ನು ಅಲ್ಲಿಗೇ ಬಿಟ್ಟು ಮತ್ತೆ ಅಂಗಡಿಗೆ ಹೋದೆ.

ಮೊದಲು ಮನಸ್ಸಿನಲ್ಲಿದ್ದದ್ದು ಹಂಚು. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ದಿನದಿಂದ ಈ ಊರುಗಳಿಗೆ ಹಂಚೇ ಮಾಡು. ನಮ್ಮ ಹಳೆಯ ಕೊಟ್ಟಿಗೆಯ ಹಂಚುಗಳು ಅಜ್ಜನ ಕಾಲದವು, ಒಡೆದ ಹತ್ತಿಪ್ಪತ್ತನ್ನು ಬದಲಿಸಿದ್ದು ಬಿಟ್ಟರೆ ಇನ್ನೂ ಅಲ್ಲೇ ಇವೆ. ಬಿಸಿಲಿಗೆ ತಂಪು, ಮಳೆಗೆ ಸದ್ದಿಲ್ಲ. ಆದರೆ ಹಂಚಿಗೆ ಕಡಿದಾದ ಇಳಿಜಾರು ಬೇಕು. 30 ಡಿಗ್ರಿ ಕೊಟ್ಟರೂ 5 ಅಡಿ ಅಗಲಕ್ಕೆ ಗೋಡೆಯ ಬದಿ ಸುಮಾರು 3 ಅಡಿ ಮೇಲೇರಬೇಕು. ಅಂದರೆ ತಾರಸಿಯ ಅಂಚಿಗೇ ಹೋಗಿ ತಾಗುತ್ತದೆ. ಇಳಿಜಾರು ಕಡಿಮೆ ಮಾಡಿದರೆ ಗಾಳಿಮಳೆಗೆ ನೀರು ಹಂಚಿನ ಸಂದಿಯಲ್ಲಿ ಹಿಮ್ಮುಖವಾಗಿ ಏರುತ್ತದೆ. ಪಕಾಸು, ರೀಪು, ಒಂದೊಂದೂ ಎರಡು ಕಿಲೋ ಮೀರುವ ಹಂಚು, ಇಷ್ಟನ್ನೂ ಹೊರುವ ಕಂಬ ಬೇರೆ. ಬೇಸರದಿಂದಲೇ ಕೈಬಿಟ್ಟೆ.

ಆಸ್ಬೆಸ್ಟಾಸ್ ನಾರು ಬೆರೆತ ಸಿಮೆಂಟ್ ಶೀಟನ್ನು ವಿಚಾರಿಸಲೂ ಇಲ್ಲ. ಆ ನಾರು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ, ಅದನ್ನು ಕೊಯ್ಯುವಾಗ, ತೂತು ಹಾಕುವಾಗ ಏಳುವ ಧೂಳೇ ಅಪಾಯ. ಅಮ್ಮ ಕೂರುವ ಜಾಗದ ಮೇಲೆ ಅದು ಬೇಡ.

ಬಟ್ಟೆಯ ಚಾವಣಿಯನ್ನು ಮೈಸೂರಿನಲ್ಲಿರುವ ತಂಗಿಯ ಮನೆಯಲ್ಲಿ ನೋಡಿದ್ದೆ. ಹಿಡಿಕೆ ತಿರುಗಿಸಿದರೆ ಮಡಚಿದ ತೋಳುಗಳು ಚಾಚಿಕೊಂಡು ಪಟ್ಟೆಪಟ್ಟೆಯ ಬಟ್ಟೆ ಹೊರಗೆ ಬರುತ್ತದೆ. ಅಕ್ರಿಲಿಕ್ ನೂಲಿಗೆ ಮೊದಲೇ ಬಣ್ಣ ಬೆರೆಸಿ ನೇಯುವುದರಿಂದ ಬಿಸಿಲಿಗೆ ಬೇಗ ಮಾಸುವುದಿಲ್ಲ, ಗಾಳಿಯಾಡುತ್ತದೆ, ಬೇಡವಾದಾಗ ಸುತ್ತಿಡಬಹುದು. ಮೈಸೂರಿನ ಸಂಜೆ ಬಿಸಿಲಿಗೆ ಅದಕ್ಕಿಂತ ಚೆಂದದ್ದು ನನಗೆ ಗೊತ್ತಿಲ್ಲ. “ಅಣ್ಣ, ನಿಮ್ಮಲ್ಲಿಗೂ ಇದನ್ನೇ ಹಾಕಿಸು” ಎಂದು ಅವಳು ಹೇಳಿದಾಗ ನನಗೆ ನಗು ಬಂತು. ಒದ್ದೆ ಬಟ್ಟೆಯನ್ನು ಸುತ್ತಿಡಬಾರದು, ಬೂಷ್ಟು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಒಣಗಿದ ಬಟ್ಟೆ ಎಂಬುದೇ ಅಪರೂಪ. ಕಪಾಟಿನಲ್ಲಿಟ್ಟ ಚಪ್ಪಲಿಗೂ ಬಿಳಿ ರೋಮ ಮೂಡುವ ಊರು ಇದು. ಚಾಚಿಯೇ ಬಿಟ್ಟರೆ ಬಟ್ಟೆಯ ನಡುವೆ ನೀರು ನಿಂತು ಹೊಟ್ಟೆ ಜೋಲುತ್ತದೆ.

ಉಳಿದದ್ದು ಪಾಲಿಕಾರ್ಬೊನೇಟು ಮತ್ತು ಬಣ್ಣದ ತಗಡು. ಪಾಲಿಕಾರ್ಬೊನೇಟಿಗೆ ಹೆಚ್ಚುಕಡಿಮೆ ಮುಂಗಡ ಕೊಟ್ಟೇ ಬಿಟ್ಟಿದ್ದೆ. ಬೆಳಕು ಬರುತ್ತದೆ, ಹಗುರ, ತೆಂಗಿನಕಾಯಿ ಬಿದ್ದರೂ ಸುಲಭಕ್ಕೆ ಒಡೆಯುವುದಿಲ್ಲ. ಅಂಗಡಿಯವರು ಕೈಗೆ ಕೊಟ್ಟ ತುಂಡು ಕೊಳವೆಗಳನ್ನು ಸಾಲಾಗಿ ಜೋಡಿಸಿದಂತೆ ಒಳಗೆ ಟೊಳ್ಳಿದ್ದದ್ದು. ಮನೆಗೆ ಬರುವ ದಾರಿಯಲ್ಲಿ ಅಂಥದ್ದನ್ನೇ ಹಾಕಿಸಿದ ಪರಿಚಯದವರ ಮನೆಗೆ ಹೋಗಿ ಕೆಳಗೆ ನಿಂತು ನೋಡಿದೆ. ಪ್ರತಿ ಕೊಳವೆಯ ಒಳಗೂ ಹಸಿರು ಪಾಚಿಯ ಗೆರೆ, ನಡುನಡುವೆ ಸತ್ತ ಇರುವೆಗಳ ಕಪ್ಪು. ಮೇಲಿನಿಂದ ಉಜ್ಜಿ ತೊಳೆಯುವ ಹಾಗೂ ಇಲ್ಲ, ಕೊಳೆ ಇರುವುದು ಒಳಗೆ. ಕೊಳವೆಗಳು ಇಳಿಜಾರಿನ ಉದ್ದಕ್ಕೇ ಇರಬೇಕು, ಮೇಲಿನ ಬಾಯಿಗೆ ಅಲ್ಯುಮಿನಿಯಂ ಟೇಪು ಹಚ್ಚಿ ಪೂರ್ತಿ ಮುಚ್ಚಬೇಕು, ಕೆಳಗಿನ ಬಾಯಿಗೆ ಧೂಳು ತಡೆದು ತೇವ ಬಿಡುವ ರಂಧ್ರದ ಟೇಪು ಬೇಕು. ಅವರಿಗೆ ಹಾಕಿಕೊಟ್ಟವರು ಎರಡನ್ನೂ ಹಚ್ಚಿರಲಿಲ್ಲ. ಇನ್ನೊಂದು ಕಡೆ ಕಂಡ ಶೀಟು ನಾಲ್ಕೇ ವರ್ಷಕ್ಕೆ ಹಳದಿಯಾಗಿತ್ತು. ನೇರಳಾತೀತ ಕಿರಣ ತಡೆಯುವ ಪದರ ಸಾಮಾನ್ಯವಾಗಿ ಒಂದೇ ಮೈಗೆ ಇರುತ್ತದೆ. ರಕ್ಷಣೆಯ ಪ್ಲಾಸ್ಟಿಕ್ಕಿನ ಮೇಲೆ ಯಾವ ಮೈ ಮೇಲೆಂದು ಅಚ್ಚು ಹಾಕಿರುತ್ತಾರೆ. ತಿರುವುಮುರುವಾಗಿ ಹಾಕಿದರೆ ಪದರಕ್ಕೆ ನೆರಳು, ಪ್ಲಾಸ್ಟಿಕ್ಕಿಗೆ ಬಿಸಿಲು.

ನನ್ನನ್ನು ತಡೆದದ್ದು ಮಾತ್ರ ಸೆಕೆ. ಬೆಳಕು ಬಿಡುವ ಶೀಟು ಬಿಸಿಲನ್ನೂ ಬಿಡುತ್ತದೆ. ಆ ಪರಿಚಯದವರ ಜಗಲಿಯಲ್ಲಿ ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷ ಕೂತು ಚಹಾ ಕುಡಿದೆ. ಚಹಾ ಆರಲೇ ಇಲ್ಲ.

ಹಾಗಾಗಿ ತಗಡು. ತಗಡು ಎಂದರೆ ಹಳೆಯ ಸತುವಿನ ತಗಡಲ್ಲ, ಈಗ ಸಿಗುವ ಗ್ಯಾಲ್ವಲ್ಯೂಮ್: ಉಕ್ಕಿನ ಹಾಳೆಯ ಮೇಲೆ 55 ಪಾಲು ಅಲ್ಯುಮಿನಿಯಂ, 43.4 ಪಾಲು ಸತು, 1.6 ಪಾಲು ಸಿಲಿಕಾನ್ ಬೆರೆತ ಲೇಪ, ಅದರ ಮೇಲೆ ಬಣ್ಣ. ಕೊಳ್ಳುವಾಗ ಕೇಳಬೇಕಾದ್ದು ಎರಡು. ಲೇಪ ಎಷ್ಟು? ಎರಡೂ ಮೈ ಸೇರಿ ಚದರ ಮೀಟರಿಗೆ 150 ಗ್ರಾಂ ಇರುವುದನ್ನು ಕೇಳಿ ತೆಗೆದುಕೊಂಡೆ. ದಪ್ಪ ಎಷ್ಟು, ಮತ್ತು ಅದು ಬಣ್ಣ ಸೇರಿಯೋ ಬಿಟ್ಟೋ? ನಾನು ದಪ್ಪ ಅಳೆಯುವ ವರ್ನಿಯರ್ ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆ. ಮೊದಲ ಅಂಗಡಿಯಲ್ಲಿ 0.50 ಮಿ.ಮೀ. ಎಂದು ತೋರಿಸಿದ ಹಾಳೆ ಅಳೆದಾಗ 0.43 ಇತ್ತು. “ಅಷ್ಟು ಚೂರು ವ್ಯತ್ಯಾಸ ಇರುತ್ತದೆ ಮಾರಾಯರೇ” ಎಂದರು. ಅಷ್ಟು ಚೂರು ವ್ಯತ್ಯಾಸಕ್ಕೆ ಹಣದಲ್ಲೂ ಚೂರು ಕಡಿಮೆ ಮಾಡುತ್ತೀರಾ ಎಂದು ಕೇಳಿದೆ; ಮಾತು ಅಲ್ಲಿಗೆ ಮುಗಿಯಿತು. ಎರಡನೆಯ ಅಂಗಡಿಯ ಹಾಳೆ ಹೇಳಿದಷ್ಟೇ ಇತ್ತು.

ಬಣ್ಣಕ್ಕೆ ಅಮ್ಮನಿಗೂ ನನಗೂ ಜಗಳ. ಅವರಿಗೆ ಹಂಚಿನ ಕೆಂಪು ಬೇಕು, ಎದುರು ಮನೆಯವರದ್ದು ಹಾಗೆಯೇ ಇದೆ. ಕಡುಬಣ್ಣ ಬಿಸಿಲನ್ನು ಕುಡಿಯುತ್ತದೆ, ತಿಳಿಬಣ್ಣ ಹಿಂದಕ್ಕೆ ಎಸೆಯುತ್ತದೆ ಎಂದು ವಾದಿಸಿ ಕೆನೆಬಣ್ಣಕ್ಕೆ ಒಪ್ಪಿಸಿದೆ. ತಗಡಿನಡಿಯಲ್ಲಿ ಅಡುಗೆಮನೆ ಕತ್ತಲಾಗಬಾರದೆಂದು ಬಾಗಿಲಿನ ನೇರಕ್ಕೆ ಒಂದು ಪಟ್ಟಿ ಮಾತ್ರ ಅದೇ ಅಚ್ಚಿನ ಏರಿಳಿವಿರುವ, ಟೊಳ್ಳಿಲ್ಲದ ಪಾಲಿಕಾರ್ಬೊನೇಟು. ಪಾಚಿ ಹಿಡಿದರೂ ಪೊರಕೆಗೆ ಸಿಗುತ್ತದೆ.

ಮೇ ಮೊದಲ ವಾರ ಗೋಡೆಯ ಕೆಲಸ. ನಾನು ಕಲಿತದ್ದೆಲ್ಲ ಇಲ್ಲಿಯೇ. ವೆಲ್ಡಿಂಗ್‌ನವರು ಆ್ಯಂಕರ್ ಬೋಲ್ಟುಗಳ ಪೊಟ್ಟಣ ತಂದಿದ್ದರು. ಮುರಕಲ್ಲಿಗೆ ಅದು ಹಿಡಿಯುವುದಿಲ್ಲ ಎಂದೆ. “ಎಲ್ಲ ಕಡೆ ಇದನ್ನೇ ಹಾಕುವುದು” ಎಂದರು. ಸರಿ, ಒಂದನ್ನು ಹಾಕಿ ನೋಡೋಣ ಎಂದೆ. ಡ್ರಿಲ್ಲಿನ ಮೊನೆ ಬೆಣ್ಣೆಗೆ ಹೋದಂತೆ ಒಳಗೆ ಹೋಯಿತು. ಒಂದು ಇಂಚು ಗಾರೆ, ಆಮೇಲೆ ಜೇನುಗೂಡಿನಂಥ ಕಲ್ಲು. ಬೋಲ್ಟು ತೂರಿಸಿ ಸ್ಪ್ಯಾನರ್ ತಿರುಗಿಸಿದರು. ಈ ಬೋಲ್ಟಿನ ಗುಟ್ಟೆಂದರೆ ಬಿಗಿದಷ್ಟೂ ಅದರ ತೋಳು ಅಗಲವಾಗಿ ತೂತಿನ ಗೋಡೆಯನ್ನು ಒತ್ತಬೇಕು. ಕಾಂಕ್ರೀಟು ಆ ಒತ್ತಡವನ್ನು ತಾಳಿಕೊಳ್ಳುತ್ತದೆ. ಮುರಕಲ್ಲು ಪುಡಿಯಾಗುತ್ತದೆ. ಸ್ಪ್ಯಾನರ್ ತಿರುಗುತ್ತಲೇ ಇತ್ತು, ಬಿಗಿಯಾಗಲೇ ಇಲ್ಲ. ತೂತಿನಿಂದ ಕೆಂಪು ಪುಡಿ ಮರಳು ಗಡಿಯಾರದಂತೆ ಸಣ್ಣಗೆ ಸುರಿಯುತ್ತಿತ್ತು. ಅವರು ಬೋಲ್ಟನ್ನು ಬೆರಳಲ್ಲಿ ಹಿಡಿದು ಎಳೆದರು, ಬಂತು. ನನ್ನ ಮುಖ ನೋಡದೆ ಡಬ್ಬಿಗೆ ಹಾಕಿದರು.

ಕೊನೆಗೆ ಗೋಡೆಯನ್ನು ಆಚೆಯಿಂದ ಈಚೆಗೆ ತೂರಿಸಿದೆವು. 12 ಮಿ.ಮೀ. ದಪ್ಪದ, ತಿರುಪಿನ ಗೆರೆಯಿರುವ ಸರಳು, ಒಳಗೆ ಅಡುಗೆಮನೆಯ ಅಟ್ಟದ ಮೇಲ್ಭಾಗದಲ್ಲಿ 4 ಇಂಚು ಚೌಕದ, 6 ಮಿ.ಮೀ. ದಪ್ಪದ ಕಬ್ಬಿಣದ ಬಿಲ್ಲೆ, ಹೊರಗೆ ಗೋಡೆಯುದ್ದದ ಬಾಕ್ಸ್ ಪೈಪು. ನಾಲ್ಕು ಸರಳು, ಎರಡೂ ಕಡೆ ನಟ್ಟು. ಈಗ ಗಾಳಿ ಎಳೆದರೆ ಬಿಲ್ಲೆಯ ಅಗಲಕ್ಕೆ ಗೋಡೆಯೇ ಹಿಡಿದು ನಿಲ್ಲಬೇಕು. ತೂತಿಗೆ ಹೊರಕ್ಕೆ ತುಸು ಇಳಿಜಾರು ಕೊಟ್ಟೆವು, ನೀರು ಸರಳಿನ ಜೊತೆ ಒಳಗೆ ಹರಿಯಬಾರದೆಂದು. ಉಪ್ಪಿನಕಾಯಿ ಭರಣಿಗಳ ಹಿಂದೆ ನಾಲ್ಕು ಬಿಲ್ಲೆ ಕಾಣುತ್ತವೆ. ಅಮ್ಮನಿಗೆ ಇದು ಹಿಡಿಸಿಲ್ಲ.

ಮುಂದಿನ ಎರಡು ಕಂಬಗಳನ್ನು ಮಣ್ಣಲ್ಲಿ ಹೂಳಲಿಲ್ಲ. ನೆಲದಿಂದ ಅರ್ಧ ಅಡಿ ಎತ್ತರದ ಕಾಂಕ್ರೀಟ್ ಪೀಠ, ಅದರ ಮೇಲೆ ಬೋಲ್ಟು ಹಾಕಿದ ತಟ್ಟೆ. ಹೂತ ಪೈಪು ತುಕ್ಕು ಹಿಡಿಯುವುದು ಮಣ್ಣಿನ ಮಟ್ಟದಲ್ಲಿ, ಕಣ್ಣಿಗೆ ಕಾಣದೆ. ಇಳಿಜಾರು ಅಡಿಗೆ 3 ಇಂಚು. ಗೋಡೆಯ ಬದಿ 8 ಅಡಿ 3 ಇಂಚು, ಹೊರ ಅಂಚು 7 ಅಡಿ. ವೆಲ್ಡಿಂಗ್ ಮಾಡಿದ ಕಡೆ ಜಿ.ಐ. ಪೈಪಿನ ಮೇಲಿನ ಸತುವಿನ ಲೇಪ ಸುಟ್ಟುಹೋಗಿರುತ್ತದೆ. ಕಪ್ಪನ್ನು ತಂತಿಬ್ರಷ್ಷಿನಲ್ಲಿ ಉಜ್ಜಿ ಸತುವಿನ ಪ್ರೈಮರ್ ಎರಡು ಕೈ ಹಚ್ಚಿದೆ. ಒಟ್ಟು ಖರ್ಚಿನಲ್ಲಿ ಶೀಟಿಗಿಂತ ಕಬ್ಬಿಣ ಮತ್ತು ಕೂಲಿಗೇ ಹೆಚ್ಚು ಹೋಯಿತು.

ಶೀಟು ಹಾಕಿದ ದಿನ ನಾನು ಅರ್ಧ ಗಂಟೆ ಪೇಟೆಗೆ ಹೋಗಿದ್ದೇ ತಪ್ಪಾಯಿತು. ಬರುವಾಗ ಗ್ರೈಂಡರ್ ಹಿಡಿದು ಒಂದು ಹಾಳೆಯ ಅಂಚನ್ನು ಕೊಯ್ದಾಗಿತ್ತು. ಗ್ರೈಂಡರಿನ ಚಕ್ರದ ಕಾವಿಗೆ ಅಂಚಿನ ಬಣ್ಣವೂ ಲೇಪವೂ ಸುಡುತ್ತವೆ, ಹಾರಿದ ಕಿಡಿಗಳು ಬಿದ್ದ ಕಡೆಯೆಲ್ಲ ಬಣ್ಣದಲ್ಲಿ ಚುಚ್ಚಿಕೊಂಡು ಆಮೇಲೆ ತುಕ್ಕಿನ ಚುಕ್ಕೆಗಳಾಗುತ್ತವೆ. ತಗಡಿನ ಕತ್ತರಿ ನನ್ನ ಬಳಿಯೇ ಇತ್ತು. ಕೊಯ್ದ ಅಂಚನ್ನು ಗೋಡೆಯ ಬದಿಗೆ ತಿರುಗಿಸಿ, ಬಣ್ಣ ಹಚ್ಚಿ, ಗೋಡೆಗೂ ಶೀಟಿಗೂ ನಡುವಿನ ಸಂದಿ ಮುಚ್ಚುವ ಫ್ಲ್ಯಾಶಿಂಗ್ ಪಟ್ಟಿಯ ಅಡಿಗೆ ಸೇರಿಸಿದೆವು.

ಸ್ಕ್ರೂಗಳನ್ನು ನಾನೇ ಹಾಕಿದೆ. ತಗಡಿನ ಉಬ್ಬಿನ ಮೇಲೆ ಹಾಕಬೇಕು, ನೀರು ಹರಿಯುವ ತಗ್ಗಿನಲ್ಲಿ ಅಲ್ಲ. ಸ್ಕ್ರೂವಿನ ತಲೆಯ ಕೆಳಗಿನ ಕಪ್ಪು ಇ.ಪಿ.ಡಿ.ಎಂ. ರಬ್ಬರ್ ವಾಷರನ್ನು ನೋಡುತ್ತಾ ಬಿಗಿಯಬೇಕು: ಲೋಹದ ಟೋಪಿಯ ಅಂಚಿನಿಂದ ರಬ್ಬರು ಕೂದಲೆಳೆಯಷ್ಟು ಇಣುಕಿದರೆ ಸಾಕು. ಇನ್ನೊಂದು ಸುತ್ತು ತಿರುಗಿಸಿದರೆ ರಬ್ಬರು ದೋಸೆಯಂತೆ ಹರಡಿ ಸೀಳುತ್ತದೆ, ತಗಡು ಗುಳಿಬಿದ್ದು ಸ್ಕ್ರೂವಿನ ಸುತ್ತ ಪುಟ್ಟ ಕೆರೆಯಾಗುತ್ತದೆ. ಮೊದಲ ಆರು ನನ್ನಿಂದ ಹಾಗೆಯೇ ಆದವು, ತೆಗೆದು ಬದಲಿಸಿದೆ. ಪಾಲಿಕಾರ್ಬೊನೇಟ್ ಪಟ್ಟಿಗೆ ಮಾತ್ರ ತೂತುಗಳನ್ನು 10 ಮಿ.ಮೀ.ಗೆ ಅಗಲಿಸಿ ದೊಡ್ಡ ವಾಷರ್ ಹಾಕಿದೆ. ಒಂದು ಡಿಗ್ರಿ ಕಾವಿಗೆ ಒಂದು ಮೀಟರು 0.065 ಮಿ.ಮೀ. ಹಿಗ್ಗುವ ಸಾಮಾನು ಅದು. 40 ಡಿಗ್ರಿ ಏರಿಳಿತಕ್ಕೆ 5 ಅಡಿಯ ಪಟ್ಟಿ ಸುಮಾರು 4 ಮಿ.ಮೀ. ಬೆಳೆಯುತ್ತದೆ. ಜಾಗ ಕೊಡದಿದ್ದರೆ ತೂತಿನಿಂದಲೇ ಬಿರುಕು. ತಗಡಿಗೂ ಪೈಪಿಗೂ ನಡುವೆ ಒಂದು ಮೈಗೆ ಅಲ್ಯುಮಿನಿಯಂ ಅಂಟಿಸಿದ ಫೋಮ್ ಹಾಳೆ ಹಾಸಿದ್ದೆವು, ಸದ್ದಿಗೂ ಸೆಕೆಗೂ. ಸಂಜೆ ಹಳೆಯ ಪೇಂಟ್ ಬ್ರಷ್ಷಿನಲ್ಲಿ ಡ್ರಿಲ್ಲಿನ ಪುಡಿಯನ್ನೆಲ್ಲ ಗುಡಿಸಿದೆ.

ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ಒಂದು ಹನಿ ಸೋರಲಿಲ್ಲ. ಫೋಮ್ ಇದ್ದರೂ ಸದ್ದಿದೆ, ಆದರೆ ಬರಿ ತಗಡಿನಡಿ ನಿಂತ ಹಾಗಲ್ಲ. ಅಮ್ಮ ಫೋನಿನಲ್ಲಿ ತಂಗಿಯ ಮಾತು ಕೇಳಿಸಿಕೊಳ್ಳುತ್ತಾರೆ. ನನಗೆ ಬೀಗುವುದಕ್ಕೆ ಎರಡು ದಿನ ಸಿಕ್ಕಿತು. ಮೂರನೆಯ ದಿನ ಪಡುವಣ ಗಾಳಿ ಎದ್ದು ಮಳೆ ಅಂಗಳದ ಆಚೆಯಿಂದ ಓಡಿ ಬಂದಂತೆ ಬಂತು. ಕುರ್ಚಿ ಒದ್ದೆ, ಅಡಿಕೆ ಚೀಲ ಒದ್ದೆ, ಸ್ವಿಚ್ಚಿನ ಪೆಟ್ಟಿಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಏಪ್ರಿಲ್‌ನಲ್ಲಿ ಎಳೆದ ಸೀಮೆಸುಣ್ಣದ ಗೆರೆ ಗೋಡೆಯ ಮೇಲೆ ಇನ್ನೂ ಮಸುಕಾಗಿ ಇತ್ತು. ಒದ್ದೆ ಅದನ್ನು ಮುಟ್ಟಿ ಮೇಲೆ ಹೋಗಿತ್ತು.

ನರ್ಸರಿಗೆ ಹಾಕುವ, ನೂರಕ್ಕೆ 75 ಪಾಲು ಬಿಸಿಲು ತಡೆಯುವ ಹಸಿರು ನೆರಳುಬಲೆ ತಂದು ಹೊರ ಅಂಚಿನಿಂದ ಇಳಿಬಿಟ್ಟೆ. ಗಾಳಿಯ ಬಿರುಸು ಮುರಿಯಿತು, ಆದರೆ ಮಳೆಯ ಹನಿ ಬಲೆಗೆ ಬಡಿದು ಪುಡಿಯಾಗಿ ಒಳಗೆ ಮಂಜಿನಂತೆ ಹಾರುತ್ತಿತ್ತು. ದೊಡ್ಡ ಹನಿಗಳ ಬದಲು ಸಣ್ಣ ಹನಿಗಳಲ್ಲಿ ಒದ್ದೆಯಾದೆವು, ಅಷ್ಟೇ. ಪಾರದರ್ಶಕ ಪ್ಲಾಸ್ಟಿಕ್ ಪರದೆಯನ್ನೂ ಒಂದು ವಾರ ಕಟ್ಟಿ ನೋಡಿದೆ: ಎರಚಲು ನಿಂತಿತು, ಗಾಳಿಯೂ ನಿಂತಿತು, ಒಗೆದ ಬಟ್ಟೆ ವಾಸನೆ ಹೊಡೆಯಿತು, ರಾತ್ರಿಯಿಡೀ ಹಾಯಿಯಂತೆ ಪಟಪಟ.

ಅಮ್ಮ ಇಷ್ಟು ದಿನ ಏನೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಟ್ಯಾಂಕಿನ ಬದಿಯ ಹೊಂಡದಲ್ಲಿ ಏಳೆಂಟು ತೆಂಗಿನ ಮಡಲು ನೆನೆಹಾಕಿದ್ದರು. ಮೂರು ದಿನ ಕಳೆದು ದಿಂಡಿನ ನಡುವೆ ಸೀಳಿ, ಗರಿಗಳನ್ನು ಒಂದು ಬಿಟ್ಟು ಒಂದು ಹೆಣೆದರು. ನಾನು ಅಡಿಕೆ ಮರದ ದಬ್ಬೆಗಳಿಗೆ ಅವನ್ನು ಮೇಲಿನಿಂದ ಕೆಳಕ್ಕೆ ಒಂದರ ಮೇಲೊಂದು ಮುಕ್ಕಾಲು ಭಾಗ ಮುಚ್ಚುವ ಹಾಗೆ ಕಟ್ಟಿದೆ. ಹಿಂದೆ ಮಣ್ಣಿನ ಗೋಡೆಯ ಮನೆಗಳಿಗೆ ಮಳೆಗಾಲಕ್ಕೆ ಮೊದಲು ಕಟ್ಟುತ್ತಿದ್ದ ಜಡಿತಟ್ಟಿ ಇದೇ. ಹೊರ ಅಂಚಿನಿಂದ 3 ಅಡಿ ಇಳಿಬಿಟ್ಟೆವು. ಲೆಕ್ಕದ ಪ್ರಕಾರ ಈಗ ಅಂಚು ನೆಲದಿಂದ 4 ಅಡಿಯಲ್ಲಿದೆ. 60 ಡಿಗ್ರಿ ಮಲಗಿದ ಮಳೆಯೂ ಗೋಡೆಗೆ ತಾಗುವುದು 1 ಅಡಿಯ ಎತ್ತರದಲ್ಲಿ. ಗರಿಗಳ ತುದಿ ಕೆಳಮುಖವಾಗಿರುವುದರಿಂದ ಹನಿ ಬಡಿದ ಮೇಲೆ ಚಿಮ್ಮದೆ ಗರಿಯಗುಂಟ ಜಾರಿ ಕೆಳಗೆ ಇಳಿಯುತ್ತದೆ. ಸಂದಿಗಳಲ್ಲಿ ಗಾಳಿಯೂ ಆಡುತ್ತದೆ. ಹತ್ತಿರ ಕೂತು ಅರ್ಧ ಗಂಟೆ ಅದನ್ನೇ ನೋಡಿದೆ.

“ಮೊದಲೇ ಹೇಳಬಹುದಿತ್ತಲ್ಲ ಅಮ್ಮ” ಎಂದೆ.

“ನೀನು ಸೂರ್ಯನನ್ನು ಅಳೆಯುತ್ತಿದ್ದೆ” ಎಂದರು.

ನವೆಂಬರ್‌ನಲ್ಲಿ, ತುಳಸಿ ಪೂಜೆಯ ಹಿಂದಿನ ದಿನ, ತಟ್ಟಿಯನ್ನು ಬಿಚ್ಚಿದೆವು. ಕೆಳಗಿನ ಎರಡು ಸಾಲು ಕುಂಬಾಗಿತ್ತು, ಅದು ಬಚ್ಚಲ ಒಲೆಗೆ, ಮೇಲಿನದ್ದು ಅಟ್ಟಕ್ಕೆ. ದಬ್ಬೆಗಳಿಗೆ ಏನೂ ಆಗಿಲ್ಲ. ಏಣಿ ಹಾಕಿ ಮಾಡಿನ ಮೇಲೆ ಕಣ್ಣಾಡಿಸಿದೆ. ಸ್ಕ್ರೂಗಳೆಲ್ಲ ಕುಳಿತಲ್ಲೇ ಇವೆ, ಪಾಲಿಕಾರ್ಬೊನೇಟಿನ ಕೆಳತುದಿಗೆ ತೆಳು ಪಾಚಿ ಇತ್ತು, ಒದ್ದೆ ಬಟ್ಟೆಗೆ ಹೋಯಿತು. ಗೋಡೆಯಿಂದ ಎರಡನೆಯ ಸಾಲಿನಲ್ಲಿ, ಬ್ರಷ್ಷಿಗೆ ಸಿಗದೆ ಉಳಿದ ಡ್ರಿಲ್ಲಿನ ಚೂರೊಂದು ಸಾಸಿವೆ ಕಾಳಿನಷ್ಟು ತುಕ್ಕಿನ ಚುಕ್ಕೆಯಾಗಿದೆ. ಕೆನೆಬಣ್ಣದ ಡಬ್ಬಿಯ ತಳದಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ನಾಳೆ ಹಚ್ಚಬೇಕು.